ದುರ್ಯೋಧನನಿಗೆ ಏಳು ಸಿಡಿ

ಕಬ್ಬಿನ ಸೀಮೆಯವರು ನಾವು, ಖರ್ಚಿಗೆ ಹೆದರುವವರಲ್ಲ. ಬೀಗರೂಟಕ್ಕೆ ಎಷ್ಟು ಕುರಿ ಕಡಿದರೆಂದು ಇಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ, ‘ವಿಡಿಯೋ ಗೇಮ್ ಆಡಬೇಕು’ ಎಂದು ಹೇಳಿ ಅಪ್ಪನ ಜೇಬಿನಿಂದ ದುಡ್ಡು ಕೀಳಿಸಿದ ಹುಡುಗನನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಡಿಸುವುದಾದರೂ ಆದೀತು. ಅದಕ್ಕೆ ಧರಣಿ ಉಂಟು, ರಸ್ತೆ ತಡೆ ಉಂಟು. ಆಟದ ಪೆಟ್ಟಿಗೆಗೆ ದುಡ್ಡು ಬಿಡಿಸಲು ಯಾವ ಚಳವಳಿಯೂ ಸಾಲದು. ಹಾಗಾಗಿ ನಮ್ಮಲ್ಲಿ ಆ ಪೆಟ್ಟಿಗೆ ಹೊಸ್ತಿಲು ದಾಟಿದ್ದೆಲ್ಲ ಇನ್ನೊಬ್ಬರ ಹೆಸರು ಹೇಳಿಕೊಂಡೇ. ನಮ್ಮ ಮನೆಗೆ ಅದು ಬಂದದ್ದು ದುರ್ಯೋಧನನ ಹೆಸರಿನಲ್ಲಿ.

ಮಂಡ್ಯ ಜಿಲ್ಲೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಅಪರೂಪ. ಪಾತ್ರ ಮಾಡುವವರೇ ಇಲ್ಲಿ ದುಡ್ಡು ಹಾಕಬೇಕು. ಪಾತ್ರ ದೊಡ್ಡದಾದಷ್ಟೂ ರೇಟು ಏರುತ್ತದೆ. ನಮ್ಮ ದೊಡ್ಡಪ್ಪ ಕಾರ್ಖಾನೆಯಿಂದ ಬಂದ ಕಬ್ಬಿನ ದುಡ್ಡನ್ನು ಮನೆಗೂ ತೋರಿಸದೆ ಹಾರ್ಮೋನಿಯಂ ಮೇಷ್ಟ್ರ ಕೈಗಿಟ್ಟು ದುರ್ಯೋಧನರಾದರು. ಅಷ್ಟು ಖರ್ಚು ಮಾಡಿ ದಕ್ಕಿಸಿಕೊಂಡ ಸಾಮ್ರಾಜ್ಯ ಒಂದೇ ರಾತ್ರಿಗೆ ಮುಗಿದುಹೋದರೆ ಹೇಗೆ? ಮದುವೆಗೆ ವಿಡಿಯೋ ತೆಗೆಯುವವನನ್ನೇ ಕರೆಸಿ ನಾಟಕವನ್ನೂ ತೆಗೆಸಿದರು. ತಿಂಗಳು ಕಳೆದ ಮೇಲೆ ಅವನು ಏಳು ಸಿಡಿ ತಂದುಕೊಟ್ಟ.

ಏಳೇಕೆ ಎಂಬುದಕ್ಕೆ ಕಾರಣ ನಮ್ಮೂರಿನದಲ್ಲ. 1993ರಲ್ಲಿ ಸೋನಿ, ಫಿಲಿಪ್ಸ್, ಜೆವಿಸಿ, ಪ್ಯಾನಸಾನಿಕ್ ಹೆಸರಿನ ಮತ್ಸುಷಿತಾ, ಈ ನಾಲ್ಕು ಕಂಪನಿಗಳು ಸೇರಿ ವಿಸಿಡಿ ಎಂಬ ಪದ್ಧತಿಯನ್ನು ಗೊತ್ತುಮಾಡಿದವು. ಹಾಡಿನ ಸಿಡಿಯಷ್ಟೇ ಅಗಲದ ತಟ್ಟೆಯಲ್ಲಿ ಸುಮಾರು 74 ನಿಮಿಷದ ಚಿತ್ರ ಹಿಡಿಸುತ್ತಿತ್ತು. ರಾತ್ರಿ ಹತ್ತಕ್ಕೆ ಗಣೇಶನ ಪೂಜೆ ಮಾಡಿ, ಬೆಳಗಿನ ಕೋಳಿ ಕೂಗಿದ ಮೇಲೆ ದುರ್ಯೋಧನನ ತೊಡೆ ಮುರಿಯುವ ನಾಟಕವೊಂದು ಭೂಮಿಯ ಮೇಲೆ ಇದೆಯೆಂದು ಆ ನಾಲ್ವರಿಗೆ ಯಾರೂ ಹೇಳಿರಲಿಲ್ಲ. ಮೇಲಾಗಿ ನಮ್ಮಲ್ಲಿ ವನ್ಸ್‌ಮೋರ್ ಬೇರೆ. ಪದ್ಯ ಚೆನ್ನಾಗಿದ್ದರೆ ಸತ್ತವನೂ ಎದ್ದು, ಮೈಕಿನ ಮುಂದೆ ಬಂದು, ಇನ್ನೊಂದು ಸಲ ಹಾಡಿ, ಮತ್ತೆ ಹೋಗಿ ಸಾಯಬೇಕು.

ಏಳನೇ ಸಿಡಿ ಮೊದಲ ವಾರದಲ್ಲೇ ಗೀರು ಬಿದ್ದು ಗದಾಯುದ್ಧದ ನಡುವೆ ಸ್ಟ್ರಕ್ ಆಗತೊಡಗಿತು. ಭೀಮ ಗದೆ ಎತ್ತಿದವನು ಎತ್ತಿದಂತೆಯೇ ನಿಲ್ಲುತ್ತಿದ್ದ. ಪರದೆಯ ತುಂಬ ಬಣ್ಣದ ಚೌಕಗಳು. ಚಿಕ್ಕಪ್ಪ ಅದನ್ನು ಪಂಚೆಯಲ್ಲಿ ಒರೆಸಿ, ಪೇಸ್ಟು ಹಚ್ಚಿ ತಿಕ್ಕಿ, ಕೊನೆಗೆ ಕೊಬ್ಬರಿ ಎಣ್ಣೆಯನ್ನೂ ಸವರಿದರು. ಅಜ್ಜಿ ಮಾತ್ರ ನೆಮ್ಮದಿಯಾಗಿದ್ದಳು. “ಬುಡ್ಲಾ ಅತ್ಲಾಗೆ, ಅಷ್ಟಕ್ಕೇ ನಿಲ್ಲಲಿ. ನನ್ ಮಗ ಯಾಕ್ಲಾ ಸಾಯ್ಬೇಕು?”

ಆದರೆ ದೊಡ್ಡಪ್ಪನಿಗೆ ಸಾಯಲೇಬೇಕಿತ್ತು. ಅವರು ಹಾಡಿದ ಅತ್ಯುತ್ತಮ ಪದ್ಯವಿದ್ದದ್ದು ತೊಡೆ ಮುರಿದ ಮೇಲೆಯೇ. ಅದೇ ಸಂದು ನೋಡಿ ಚಿಕ್ಕಪ್ಪ ಒಂದು ಮಾತು ಹಾಕಿದರು: ಈಗ ಡಿವಿಡಿ ಬಂದಿದೆ, ಒಂದರಲ್ಲಿ 4.7 ಜಿಬಿ, ಅಂದರೆ ಎರಡು ಗಂಟೆಯ ನಾಟಕ ಒಳ್ಳೆ ಬೆಳಕಿನಲ್ಲಿ ಕಾಣುತ್ತದೆ. ಮೂಲ ಕ್ಯಾಸೆಟ್ಟು ವಿಡಿಯೋದವನ ಹತ್ತಿರವೇ ಇದೆ, ಹೊಸದಾಗಿ ಹಾಕಿಸಿದರೆ ನಾಲ್ಕೇ ತಟ್ಟೆಯಲ್ಲಿ ದುರ್ಯೋಧನ ನಿರಾಳವಾಗಿ ಸಾಯಬಹುದು. ದೊಡ್ಡಪ್ಪ ಮರುಮಾತಾಡದೆ ದುಡ್ಡು ಕೊಟ್ಟರು.

ಮೈಸೂರಿನಿಂದ ಬಂದ ಆ ಡಿವಿಡಿ ಪ್ಲೇಯರ್ ಚೀನಾದ್ದು. ಡಬ್ಬ ಬಿಚ್ಚಿದರೆ ಪ್ಲೇಯರಿನ ಜೊತೆಗೆ ಎರಡು ಜಾಯ್‌ಸ್ಟಿಕ್ಕು, ‘300 ಗೇಮ್’ ಎಂದು ಬರೆದ ಒಂದು ಸಿಡಿ. ಆ ಕಾಲದಲ್ಲಿ ಇಂಥ ಪ್ಲೇಯರುಗಳು ಬೇಕಾದಷ್ಟು ಬರುತ್ತಿದ್ದವು. ಜಪಾನಿನ ನಿಂಟೆಂಡೋ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ಮಾರಿಯೋ, ಕಾಂಟ್ರಾ, ಟ್ಯಾಂಕಿನಂಥ ಆಟಗಳನ್ನು ಚೀನಾದವರು ಯಾರನ್ನೂ ಕೇಳದೆ ಒಂದು ತಟ್ಟೆಗೆ ತುಂಬಿ, ಸಿನಿಮಾ ತೋರಿಸುವ ಪೆಟ್ಟಿಗೆಯಲ್ಲೇ ಓಡುವಂತೆ ಮಾಡಿದ್ದರು. ಮುನ್ನೂರರಲ್ಲಿ ಒಂದೇ ಆಟ ಹತ್ತು ಹೆಸರಿನಲ್ಲಿ ಬರುತ್ತಿತ್ತು ಎನ್ನುವುದು ಬೇರೆ ಮಾತು.

ಅಜ್ಜಿಯ ಕಣ್ಣು ನೇರ ಜಾಯ್‌ಸ್ಟಿಕ್ಕಿನ ಮೇಲೆ ಬಿತ್ತು. “ಅದ್ಯಾಕ್ಲಾ ಮಗ, ಎರಡು ಗಿಲ್ಕಿ ಕೊಟ್ಟವ್ರೆ?”

“ಸೌಂಡು ಕಮ್ಮಿ ಜಾಸ್ತಿ ಮಾಡಾಕೆ ಕಣವ್ವ,” ಅಂದರು ಚಿಕ್ಕಪ್ಪ.

“ಎರಡ್ಯಾಕೆ?”

“ಒಂದು ಕಮ್ಮಿ ಮಾಡಾಕೆ, ಒಂದು ಜಾಸ್ತಿ ಮಾಡಾಕೆ.”

ಮೂರು ಫೇಸು ಕರೆಂಟು ಬಂದರೆ ಗಂಡಸರು ಪಂಪ್‌ಸೆಟ್ಟಿನ ಕಡೆ ಓಡುತ್ತಿದ್ದರು, ಹುಡುಗರು ಟಿವಿಯ ಕಡೆ. ಚಿಕ್ಕಪ್ಪ ಮಾತ್ರ ಗದ್ದೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿ ಹಿಂತಿರುಗುತ್ತಿದ್ದರು.

ಜಪಾನಿನ ಸೋನಿ ಕಂಪನಿಯವರಿಗೂ ನಮ್ಮ ಚಿಕ್ಕಪ್ಪನಿಗೂ ಒಂದೇ ಬುದ್ಧಿ ಎಂದು ಗೊತ್ತಾದದ್ದು ಬೆಂಗಳೂರಿಗೆ ಹೋಗಿ ಪತ್ರಿಕೆಗಳ ತಂತ್ರಜ್ಞಾನದ ಪುಟ ಓದತೊಡಗಿದ ಮೇಲೆ. ಅವರು ಪ್ಲೇಸ್ಟೇಷನ್ 2 ಎಂಬ ಆಟದ ಪೆಟ್ಟಿಗೆಯನ್ನು ಜಪಾನಿನಲ್ಲಿ ಬಿಟ್ಟದ್ದು 2000ದ ಮಾರ್ಚಿಯಲ್ಲಿ. ಅದು ಡಿವಿಡಿಯನ್ನೂ ಓಡಿಸುತ್ತಿತ್ತು. ಅಲ್ಲಿನ ಅಪ್ಪಂದಿರೂ ಅಪ್ಪಂದಿರೇ ತಾನೆ? ಹುಡುಗರು ಮನೆಯಲ್ಲಿ ‘ಸಿನಿಮಾ ನೋಡೋ ಮಿಷನ್ನು’ ಅಂದರು, ವ್ಯಾಪಾರ ಕುದುರಿತು. ಹದಿನೈದು ಕೋಟಿಗೂ ಮೇಲೆ ಮಾರಾಟವಾದ ಪೆಟ್ಟಿಗೆ ಅದು. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಆಟದಲ್ಲಿ ಏನೂ ಕಡಿಮೆಯಿರಲಿಲ್ಲ. ಆದರೆ ಅದಕ್ಕೆ ಡಿವಿಡಿ ಓದಲು ಬರುತ್ತಿರಲಿಲ್ಲ, ಮನೆಯಲ್ಲಿ ಹೇಳಿಕೊಳ್ಳಲು ಒಂದು ನೆಪವಿರಲಿಲ್ಲ. 2001ರಲ್ಲಿ ಸೆಗಾ ಪೆಟ್ಟಿಗೆ ಮಾಡುವುದನ್ನೇ ಬಿಟ್ಟಿತು. ಅದೇ ವರ್ಷ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ಗೆ ಡಿವಿಡಿ ಓದಲು ಬರುತ್ತಿತ್ತು. ಆದರೆ ಸಿನಿಮಾ ನೋಡಬೇಕಾದರೆ ರಿಮೋಟನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ನೆಪಕ್ಕೇ ಪ್ರತ್ಯೇಕ ಬಿಲ್ಲು ಹಾಕಿದರೆ ಅದು ನೆಪ ಹೇಗಾದೀತು?

ಡಿವಿಡಿ ಆದ ಮೇಲೆ ಮುಂದಿನ ತಟ್ಟೆ ಯಾವುದೆಂದು ಜಗಳ ಶುರುವಾಯಿತು. ಒಂದು ಕಡೆ ಸೋನಿ, ಫಿಲಿಪ್ಸ್, ಪ್ಯಾನಸಾನಿಕ್‌ನವರ ಬ್ಲೂ-ರೇ. ಇನ್ನೊಂದು ಕಡೆ ತೋಶಿಬಾದ ಎಚ್‌ಡಿ ಡಿವಿಡಿ. ಎರಡೂ ಹನ್ನೆರಡು ಸೆಂಟಿಮೀಟರ್ ಅಗಲ. ಎರಡನ್ನೂ ಓದುವುದು 405 ನ್ಯಾನೋಮೀಟರಿನ ನೀಲಿ ಲೇಸರ್ ಬೆಳಕೇ. ವ್ಯತ್ಯಾಸವೆಲ್ಲ ಬರಹ ಎಷ್ಟು ಆಳದಲ್ಲಿದೆ ಎಂಬುದರಲ್ಲಿ: ಬ್ಲೂ-ರೇಯಲ್ಲಿ ಮೇಲ್ಮೈಯಿಂದ 0.1 ಮಿಲಿಮೀಟರ್, ಎಚ್‌ಡಿ ಡಿವಿಡಿಯಲ್ಲಿ ಹಳೆಯ ಡಿವಿಡಿಯ ಹಾಗೆಯೇ 0.6. ಒಂದೇ ದೇವರಿಗೆ ವಡಗಲೆ, ತೆಂಗಲೆ ಎಂಬ ಎರಡು ನಾಮಗಳನ್ನು ಮೇಲುಕೋಟೆಯಲ್ಲಿ ನೋಡಿ ಬೆಳೆದ ನಮಗೆ, ಇಷ್ಟಕ್ಕೂ ಜಗಳವಾಗಬಹುದೇ ಎಂಬ ಆಶ್ಚರ್ಯವೇನೂ ಆಗಲಿಲ್ಲ.

ತೋಶಿಬಾದವರ ವಾದವೂ ಸುಳ್ಳಲ್ಲ. ಡಿವಿಡಿ ಅಚ್ಚು ಹಾಕುವ ಕಾರ್ಖಾನೆಗಳನ್ನೇ ಚೂರು ತಿದ್ದಿಕೊಂಡರೆ ಅವರ ತಟ್ಟೆ ತಯಾರಾಗುತ್ತಿತ್ತು, ಖರ್ಚು ಕಡಿಮೆ. ಆದರೆ ಒಂದು ಪದರಕ್ಕೆ ಹಿಡಿಸುತ್ತಿದ್ದದ್ದು 15 ಜಿಬಿ, ಬ್ಲೂ-ರೇಗೆ 25. ನಾನು ಪಕ್ಷ ಕಟ್ಟಿದ್ದು ಅಷ್ಟರ ಮೇಲೆಯೇ. ನಮ್ಮೂರಿನ ಕುರುಕ್ಷೇತ್ರವನ್ನು ಡಿವಿಡಿಯ ಬೆಳಕಿನಲ್ಲೇ ತುಂಬಿದರೆ ಎಚ್‌ಡಿ ಡಿವಿಡಿಯಲ್ಲಿ ಕರ್ಣ ಸಾಯುವ ಹೊತ್ತಿಗೆ ಜಾಗ ಮುಗಿಯುತ್ತದೆ. ಬ್ಲೂ-ರೇಯಲ್ಲಾದರೆ ದುರ್ಯೋಧನ ಸತ್ತು, ವನ್ಸ್‌ಮೋರಿಗೆ ಎದ್ದು, ಮತ್ತೆ ಸತ್ತು, ಮಂಗಳಾರತಿಯಾದ ಮೇಲೂ ಜಾಗ ಮಿಗುತ್ತದೆ. ನನ್ನ ಪಕ್ಷಕ್ಕೆ ಊರಿನಲ್ಲಿ ಬೆಂಬಲ ಸಿಗಲಿಲ್ಲ. ಅದು 2006ನೇ ಇಸವಿ, ಎಚ್‌.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಎಚ್‌ಡಿ ಎಂದು ಶುರುವಾಗುವ ಹೆಸರು ಸೋಲುತ್ತದೆ ಅಂದರೆ ನಮ್ಮ ಜಿಲ್ಲೆಯಲ್ಲಿ ಯಾರು ನಂಬುತ್ತಾರೆ?

ಆ ವರ್ಷದ ನವೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್ 3 ತಂದಿತು, ಬ್ಲೂ-ರೇಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ನೀಲಿ ಲೇಸರಿನ ಡಯೋಡ್ ಸಾಕಷ್ಟು ಸಿಗದೆ ಯೂರೋಪಿನವರು 2007ರ ಮಾರ್ಚಿಯವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ದೊಡ್ಡ ಪೆಟ್ಟಿಗೆಗೆ 599 ಡಾಲರ್. ಅಷ್ಟಕ್ಕೆ ಮಾರಿಯೂ ಪ್ರತಿ ಪೆಟ್ಟಿಗೆಗೆ ಕಂಪನಿಗೆ ನಷ್ಟವೇ. 2007ರಲ್ಲಿ ಭಾರತಕ್ಕೆ ಬಂದಾಗ ಬೆಲೆ 39,990 ರೂಪಾಯಿ. ಆ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ್ದ ಕನಿಷ್ಠ ಬೆಲೆ ಕ್ವಿಂಟಾಲಿಗೆ 80 ರೂಪಾಯಿ ಚಿಲ್ಲರೆ. ಅಂದರೆ ಒಂದು ಪ್ಲೇಸ್ಟೇಷನ್ನಿಗೆ ಐವತ್ತು ಟನ್ ಕಬ್ಬು! ಕಾರ್ಖಾನೆಯ ಮುಂದೆ ಗಾಡಿ ಸಾಲಿನಲ್ಲಿ ನಿಂತು ಅಷ್ಟನ್ನೂ ತೂಗಿಸಿ, ಬಿಲ್ಲಿಗೆ ಕಾದು, ಕೊನೆಗೆ ಮನೆಗೆ ತರುವುದು ಎರಡು ಗಿಲ್ಕಿ. ಚಿಕ್ಕಪ್ಪನಂಥ ಚಿಕ್ಕಪ್ಪನೂ ಈ ಮಾತು ಎತ್ತಲಿಲ್ಲ.

ಮೈಕ್ರೋಸಾಫ್ಟ್ ಆಗ ತೋಶಿಬಾದ ಪಕ್ಷ. ಆದರೆ ಎಕ್ಸ್‌ಬಾಕ್ಸ್ 360ರ ಒಳಗೆ ಇದ್ದದ್ದು ಹಳೆಯ ಡಿವಿಡಿಯೇ. ಎಚ್‌ಡಿ ಡಿವಿಡಿ ಬೇಕಾದವರು 199 ಡಾಲರ್ ಕೊಟ್ಟು ಇನ್ನೊಂದು ಡಬ್ಬ ತಂದು ಪಕ್ಕದಲ್ಲಿ ಜೋಡಿಸಿಕೊಳ್ಳಬೇಕಿತ್ತು. ಆ ಡಬ್ಬದಲ್ಲಿ ಆಟ ಓಡುತ್ತಿರಲಿಲ್ಲ, ಸಿನಿಮಾ ಮಾತ್ರ. ಆಟಕ್ಕೆಂದು ಒಮ್ಮೆ ಬೈಸಿಕೊಂಡವನು ಸಿನಿಮಾಕ್ಕೆಂದು ಇನ್ನೊಮ್ಮೆ ಬೈಸಿಕೊಳ್ಳಬೇಕು. ಸೋನಿ ಪೆಟ್ಟಿಗೆ ಕೊಂಡವನಿಗೆ ಬ್ಲೂ-ರೇ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಬೇಡದವನ ಮನೆಯಲ್ಲೂ ಅದು ಟಿವಿಯ ಕೆಳಗೆ ಕುಳಿತಿತ್ತು. ಹಾಗೆ ಕುಳಿತ ಪೆಟ್ಟಿಗೆಗಳು ಒಂದು ಕೋಟಿಯ ಆಸುಪಾಸಿಗೆ ಬಂದಾಗ ಹಾಲಿವುಡ್ಡಿನವರು ತಲೆ ಎಣಿಸಿದರು. 2008ರ ಜನವರಿ 4ರಂದು, ಅಲ್ಲಿಯವರೆಗೆ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದ ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ರಂದು ತೋಶಿಬಾ ಸೋಲೊಪ್ಪಿತು. ಸಿನಿಮಾದ ಬೆನ್ನಿಗೆ ಅಡಗಿ ಮನೆ ಹೊಕ್ಕ ಆಟ, ಈ ಸಲ ಸಿನಿಮಾವನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದು ಗೆಲ್ಲಿಸಿತ್ತು. 2013ರಲ್ಲಿ ಮೈಕ್ರೋಸಾಫ್ಟಿನ ಹೊಸ ಎಕ್ಸ್‌ಬಾಕ್ಸಿನ ಒಳಗೂ ಬ್ಲೂ-ರೇ ಬಂದು ಕೂತಿತು, ಸದ್ದಿಲ್ಲದೆ.

ನಮ್ಮ ಸೀಮೆಯ ತಟ್ಟೆಗಳಿಗೆ ಇಷ್ಟೆಲ್ಲ ಗೌರವದ ಮರಣ ಸಿಗಲಿಲ್ಲ. ಪ್ಲೇಯರ್ ‘ನೋ ಡಿಸ್ಕ್’ ಎನ್ನತೊಡಗಿದಾಗ ರಿಪೇರಿಯವನು ಮುಚ್ಚಳ ಬಿಚ್ಚುವ ಮೊದಲೇ “ಲೆನ್ಸ್ ಹೋಗದೆ ಕಣಣ್ಣ” ಅಂದ. ಸಿಡಿಗಳು ಸೈಕಲ್ಲಿನ ಹಿಂದೆ, ಕಬ್ಬಿನ ಗಾಡಿಯ ಹಿಂದೆ ಹೊಳೆಯುತ್ತ ಹೋದವು; ಉಳಿದವು ಭತ್ತದ ಗದ್ದೆಯಲ್ಲಿ ದಾರಕ್ಕೆ ಬಿದ್ದು ಹಕ್ಕಿ ಓಡಿಸಿದವು. ಗೀರು ಬಿದ್ದ ಏಳನೇ ಸಿಡಿಯೂ ಅಲ್ಲಿಗೇ ಹೋಯಿತು. ದೊಡ್ಡಪ್ಪನ ಪದ್ಯಕ್ಕೆ ಗುಬ್ಬಿಗಳೂ ನಿಲ್ಲುವುದಿಲ್ಲ ಎಂದು ಊರವರು ಆಡಿಕೊಂಡರು.

ಈಗ ಸೋನಿಗೆ ಏನಾಯಿತೋ ಕಾಣೆ. 2020ರಲ್ಲಿ ಪ್ಲೇಸ್ಟೇಷನ್ 5ನ್ನು ಡಿಸ್ಕ್ ಹಾಕುವ ಬಾಯಿ ಇಲ್ಲದೆಯೂ ಮಾರಿತು. 2024ರಲ್ಲಿ ಬಂದ ದುಬಾರಿ ‘ಪ್ರೊ’ಗೆ ಆ ಬಾಯಿಯೇ ಇಲ್ಲ, ಬೇಕಾದವರು ಬೇರೆ ದುಡ್ಡು ಕೊಟ್ಟು ತಂದು ಸಿಕ್ಕಿಸಿಕೊಳ್ಳಬೇಕು. ಯಾವ ತಪ್ಪಿನಿಂದ ಎದುರಾಳಿ ಸೋತನೋ ಅದನ್ನೇ ಗೆದ್ದವನು ಹುಡುಕಿಕೊಂಡು ಹೋಗಿ ಮಾಡುತ್ತಿದ್ದಾನೆ. ಬಹುಶಃ ಸಿನಿಮಾದ ನೆಪಕ್ಕೆ ಈಗ ಬೆಲೆಯಿಲ್ಲ. ಸಿನಿಮಾ ಎಲ್ಲರ ಅಂಗೈಗೇ ಬಂದಿರುವಾಗ ಅದರ ಹೆಸರು ಹೇಳಿ ಯಾರಿಂದ ದುಡ್ಡು ಕೀಳುವುದು?

ಹಾಗೆಂದು ಆಟ ನಿಂತಿಲ್ಲ, ನೆಪ ಬದಲಾಗಿದೆ. ಮೊನ್ನೆ ಕೆ.ಆರ್. ಪೇಟೆಯ ಅಕ್ಕನ ಮನೆಗೆ ಹೋಗಿದ್ದೆ. ಮಗನಿಗೆ ಆನ್‌ಲೈನ್ ಕ್ಲಾಸಿಗೆಂದು ಬಾವ ದೊಡ್ಡ ಪರದೆಯ ಫೋನು ಕೊಡಿಸಿದ್ದಾರೆ. ಹುಡುಗ ಅದನ್ನು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು, ಪಾಠ ಕೇಳುತ್ತಿದ್ದ. ಬಾಗಿಲಲ್ಲಿ ನಿಂತ ಅಕ್ಕ ಬಹಳ ಹೊತ್ತು ನೋಡಿ ಕೇಳಿದಳು: “ಪಾಠ ಕೇಳಾಕೆ ಎರಡು ಹೆಬ್ಬೆಟ್ಟು ಯಾಕ್ಲಾ?”

“ಒಂದು ಫಿಸಿಕ್ಸು, ಒಂದು ಮ್ಯಾತ್ಸು ಕಣಮ್ಮ,” ಅಂದ, ತಲೆ ಎತ್ತದೆ.

2006ರಲ್ಲಿ ತೋಶಿಬಾದವರ ಹತ್ತಿರ ಇಂಥ ಒಬ್ಬ ಹುಡುಗ ಇದ್ದಿದ್ದರೆ, ಎಚ್‌ಡಿ ಸೋಲುತ್ತಿರಲಿಲ್ಲ.