ಮರೆಯಂಗಿ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲಿಗೇ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ಆಟಿಕೆ ಬಂದೂಕಿನ ಏರ್‌ಸಾಫ್ಟ್ ಆಟಕ್ಕೆ ತೊಡುವ ಮಿಲಿಟರಿ ಪ್ರಿಂಟಿನ ಅಂಗಿ. ಪ್ರಯೋಜನ, ಕಾಣದಿರುವುದು. ಸಂಬಂಧ, ಸೋದರಮಾವ ಮತ್ತು ಸೋದರಳಿಯ. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು, ಟೋಕಿಯೋದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ. ಒಂದು ರಾತ್ರಿ ಫೋನು ಮಾಡಿ, "ಮಾವ, ಭಾನುವಾರ ಚಿಬಾ ಕಡೆ ಏರ್‌ಸಾಫ್ಟ್ ಆಡೋಕೆ ಹೋಗ್ತಿದ್ದೀವಿ. ಎಂಥಾ ಅಂಗಿ ತಗೊಳ್ಲಿ?" ಎಂದು ಕೇಳಿದ. ಒಂದು ಮಾತಿನಲ್ಲಿ ಮುಗಿಯುವ ಉತ್ತರವನ್ನು ಒಂದೇ ಮಾತಿನಲ್ಲಿ ಮುಗಿಸುವವನು ವಿದ್ವಾಂಸನಲ್ಲ. ಆದ್ದರಿಂದ ಈ ಪ್ರಬಂಧ.

ನಿರುಕ್ತಿ

ಮರೆ ಮತ್ತು ಅಂಗಿ ಸೇರಿ ಮರೆಯಂಗಿ. ಇದು ಆಗಮ ಸಂಧಿ. ಎರಡು ಪದಗಳಲ್ಲೂ ಇಲ್ಲದ ಯಕಾರ ನಡುವಿನಿಂದ ದಿಢೀರನೆ ಎದ್ದು ಬಂದಿರುವುದನ್ನು ಗಮನಿಸಬೇಕು. ಪೊದೆಯಲ್ಲಿ ಕೂತ ಆಟಗಾರನೂ ಹೀಗೆಯೇ ಏಳುತ್ತಾನೆ. ಹೀಗಾಗಿ ವ್ಯಾಕರಣವೇ ಈ ಆಟದ ಮೊದಲ ನಿಯಮಾವಳಿ.

ಆಟ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ. ನಿಜವಾದ ಬಂದೂಕು ಜನಸಾಮಾನ್ಯರ ಕೈಗೆ ಎಟುಕದ ನಾಡು ಅದು. ಆದ್ದರಿಂದ ಆಟಿಕೆ ಬಂದೂಕಿಗೆ ಭಕ್ತರು ಕೂಡಿಕೊಂಡರು. 1991ರಲ್ಲಿ ಟೋಕಿಯೋ ಮರುಯಿ ಕಂಪನಿ ಬ್ಯಾಟರಿಯಿಂದ ಓಡುವ ಬಂದೂಕು ತಂದ ಮೇಲಂತೂ ಭಕ್ತಿ ಪಂಥವೇ ಆಯಿತು. ಅಲ್ಲಿ ಈ ಆಟವನ್ನು 'ಸಬಗೇ' ಎನ್ನುತ್ತಾರೆ. ಇದು ಕನ್ನಡದ 'ಸೊಬಗು' ಎಂಬುದರ ತದ್ಭವವೆಂದು ನಾನು ಎರಡು ಪುಟಗಳಲ್ಲಿ ಸಾಧಿಸಿದ್ದೆ. 'ಸರ್ವೈವಲ್ ಗೇಮ್' ಎಂಬುದನ್ನು ಜಪಾನೀಯರು ಮೊಟಕು ಮಾಡಿದ್ದೇ 'ಸಬಗೇ' ಎಂದು ಸೋದರಳಿಯ ಹೇಳಿ, ಆ ಎರಡು ಪುಟಗಳನ್ನು ಅನಾಥ ಮಾಡಿದ.

ಆಯುಧ ವಿಚಾರವನ್ನು ಬೇಗ ಮುಗಿಸುತ್ತೇನೆ. ಗುಂಡು ಪ್ಲಾಸ್ಟಿಕ್ಕಿನದು, 6 ಮಿಲಿಮೀಟರ್ ದಪ್ಪ, ಸಾಮಾನ್ಯವಾಗಿ 0.2 ಗ್ರಾಂ ತೂಕ. ಜಪಾನಿನ ಕಾನೂನು ಅದಕ್ಕೆ ಸುಮಾರು 0.98 ಜೂಲ್ ಶಕ್ತಿಯ ಮಿತಿ ಹಾಕಿದೆ. ಎಂದರೆ ಸೆಕೆಂಡಿಗೆ ನೂರು ಮೀಟರಿಗೆ ತುಸು ಕಡಿಮೆ ವೇಗ. ಕಣ್ಣಿಗೆ ಕನ್ನಡಕ ಕಡ್ಡಾಯ. ಬರಿ ಮೈಗೆ ತಗುಲಿದರೆ ಚುರುಕ್ಕೆನ್ನುತ್ತದೆ, ಕೆಂಪಗೆ ಬೊಕ್ಕೆಯಾಗುತ್ತದೆ. ಆದ್ದರಿಂದ ತುಂಬು ತೋಳಿನ ಅಂಗಿ ಬೇಕೆಂಬುದರಲ್ಲಿ ಯಾವ ಮತದವರಿಗೂ ಭಿನ್ನಾಭಿಪ್ರಾಯವಿಲ್ಲ.

ಪೂರ್ವಪಕ್ಷ

ಅಂಗಿ ಯಾವ ಬಣ್ಣದ್ದಿರಬೇಕೆಂಬುದಕ್ಕೆ ಮೂರು ವಾದಗಳು. ಮೊದಲನೆಯದು ಏಕವರ್ಣವಾದ. ಮಣ್ಣಿನ ಬಣ್ಣವೊಂದೇ ಸಾಕು ಎನ್ನುವ ಖಾಕಿ ಪಂಥ ಇದು. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿದ್ದ ಜಾನ್ ಹಾಲರ್ ಈ ಬಣ್ಣವನ್ನು ಕಂಡುಹಿಡಿದನೆಂದು ಮಂಗಳೂರಿನವರು ಹೇಳುತ್ತಾರೆ. ಅದಕ್ಕೂ ಮೊದಲೇ ಪೇಶಾವರದ ಕಡೆ ಬ್ರಿಟಿಷರ ಗೈಡ್ಸ್ ದಳದವರು ಖಾಕಿ ತೊಟ್ಟಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಮಂಗಳೂರಿನಲ್ಲಿ ಕೂತು ಬರೆಯುವಾಗ ನಾನು ಎರಡನೆಯ ಮಾತನ್ನು ಸಣ್ಣ ದನಿಯಲ್ಲಿ ಹೇಳುತ್ತೇನೆ.

ಎರಡನೆಯದು ಸರ್ವಮಾಯಾವಾದ. ಇದರ ಆಚಾರ್ಯ ಅಮೆರಿಕದ ಚಿತ್ರಕಾರ ಆಬಟ್ ಥೇಯರ್. ಪ್ರಾಣಿಗಳ ಬಣ್ಣವೆಲ್ಲ ಅಡಗಿಕೊಳ್ಳಲೆಂದೇ ಇರುವುದು ಎಂದು ಅವನ ಮಗನ ಹೆಸರಿನಲ್ಲಿ ಬಂದ 1909ರ ಪುಸ್ತಕ ವಾದಿಸಿತು. ಹಾಗಾದರೆ ಫ್ಲೆಮಿಂಗೊ ಹಕ್ಕಿ ಅಷ್ಟು ಕೆಂಪಗೇಕೆ? ಸಂಜೆಯ ಕೆಂಪು ಆಕಾಶದಲ್ಲಿ ಕಾಣದಿರಲಿ ಎಂದು! ಮಧ್ಯಾಹ್ನ ಆ ಹಕ್ಕಿ ಏನು ಮಾಡಬೇಕೆಂದು ಆಚಾರ್ಯರು ಹೇಳಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ, ಬೇಟೆಗಾರರೂ ಆಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಈ ವಾದವನ್ನು ಚೆನ್ನಾಗಿ ಝಾಡಿಸಿದರು.

ಮೂರನೆಯದು ಚಿತ್ರವರ್ಣವಾದ. 1915ರಲ್ಲಿ ಫ್ರಾನ್ಸಿನ ಸೈನ್ಯ ಚಿತ್ರಕಾರರನ್ನೇ ಸೇರಿಸಿಕೊಂಡು ಮರೆಮಾಚುವ ದಳ ಕಟ್ಟಿತು. 1929ರಲ್ಲಿ ಇಟಲಿ ಗುಡಾರದ ಬಟ್ಟೆಗೆ ಬಣ್ಣಬಣ್ಣದ ಮಚ್ಚೆ ಅಚ್ಚು ಹಾಕಿಸಿತು. 1981ರ ಅಮೆರಿಕದ 'ವುಡ್‌ಲ್ಯಾಂಡ್' ಹಸಿರು, ಕಂದು, ಮರಳು, ಕಪ್ಪುಗಳನ್ನು ಕಲಸಿತು. ನಮ್ಮೂರ ಸಂತೆಯಲ್ಲಿ ನೇತುಹಾಕಿರುವ ಮಿಲಿಟರಿ ಚಡ್ಡಿಗಳಲ್ಲಿ ಬಹಳಷ್ಟು ಅದರ ಬಡ ನೆಂಟರೇ.

ಲಕ್ಷಣ ಮತ್ತು ದೋಷತ್ರಯ

'ಸುತ್ತಲಿನೊಡನೆ ಬೆರೆತು ತೊಟ್ಟವನನ್ನು ಕಾಣಿಸದಿರುವ ಅಂಗಿಯೇ ಮರೆಯಂಗಿ.' ಲಕ್ಷಣ ಹೇಳಿದ ಕೂಡಲೇ ಅದರಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿವೆಯೇ ಎಂದು ನೋಡುವುದು ತರ್ಕಶಾಸ್ತ್ರದ ಸಂಪ್ರದಾಯ.

ಅವ್ಯಾಪ್ತಿ ಎಂದರೆ ಇರಬೇಕಾದ ಕಡೆಗಳಲ್ಲೆಲ್ಲ ಇರದೆ ಒಂದು ಮೂಲೆಯಲ್ಲಷ್ಟೇ ಇರುವುದು. ಅಫ್ಘಾನಿಸ್ತಾನದ ಸೈನ್ಯಕ್ಕೆ ಅಮೆರಿಕದ ದುಡ್ಡಿನಲ್ಲಿ ಕಾಡಿನ ಚಿತ್ತಾರದ ಸಮವಸ್ತ್ರ ಹೊಲಿಸಲಾಯಿತು. ಅಲ್ಲಿನ ಮಂತ್ರಿಗೆ ಆ ಚಿತ್ತಾರ ಹಿಡಿಸಿತ್ತಂತೆ. ಆ ದೇಶದಲ್ಲಿ ಕಾಡಿರುವುದು ನೆಲದ ಶೇಕಡಾ 2.1 ಮಾತ್ರ ಎಂದೂ, ಇದರಿಂದ 2.8 ಕೋಟಿ ಡಾಲರಿನವರೆಗೆ ಹೆಚ್ಚು ಖರ್ಚಾಗಿರಬಹುದೆಂದೂ 2017ರಲ್ಲಿ ಅಮೆರಿಕದ ತನಿಖಾಧಿಕಾರಿಯೇ ವರದಿ ಕೊಟ್ಟ. ಸೀರೆಯಂಗಡಿಯಲ್ಲಿ ಮಾತ್ರ ಹೀಗಾಗುತ್ತದೆಂದು ತಿಳಿದಿದ್ದೆ.

ಅತಿವ್ಯಾಪ್ತಿ ಎಂದರೆ ಇರಬಾರದ ಕಡೆಯೂ ಇರುವುದು. ಇಂದು ಹೆಚ್ಚು ಓಡುವ 'ಮಲ್ಟಿಕ್ಯಾಮ್' ಇದಕ್ಕೆ ಉದಾಹರಣೆ. ಎಲ್ಲ ನೆಲಕ್ಕೂ ಅಷ್ಟಿಷ್ಟು ಹೊಂದುತ್ತದೆಂದು ನಿಮ್ಮವರೂ ಅದನ್ನೇ ತೊಡುತ್ತಾರೆ, ಎದುರಿನವರೂ ಅದನ್ನೇ ತೊಡುತ್ತಾರೆ. ಆಮೇಲೆ ಗುರುತಿಗೆಂದು ತೋಳಿಗೆ ಕೆಂಪು, ಹಳದಿ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಕಾಣದಿರಲು ಒಂದು ಅಂಗಿ, ಕಾಣಲು ಒಂದು ಪಟ್ಟಿ; ಎರಡಕ್ಕೂ ದುಡ್ಡು.

ಅಸಂಭವ ಎಂದರೆ ಎಲ್ಲಿಯೂ ಇರದಿರುವುದು. ಅಮೆರಿಕದ ಸೈನ್ಯ 2004ರಲ್ಲಿ ಪ್ರಕಟಿಸಿದ ಬೂದು ಚೌಕುಳಿಯ 'ಯೂನಿವರ್ಸಲ್' ಚಿತ್ತಾರ ಕಾಡು, ಮರಳು, ಊರು ಮೂರಕ್ಕೂ ಆಗಲೆಂದು ಹುಟ್ಟಿ, ಮೂರರಲ್ಲೂ ಎದ್ದು ಕಂಡಿತು. ಜಲ್ಲಿ ರಾಶಿಯ ಮೇಲೆ ಮಲಗಿದವನಿಗೆ ಮಾತ್ರ ಅದು ವರ. ಕೊನೆಗೆ 2019ರಲ್ಲಿ ಅದಕ್ಕೆ ಪೂರ್ತಿ ನಿವೃತ್ತಿಯಾಯಿತು. ಇಂಥದ್ದು ಅಗ್ಗಕ್ಕೆ ಸಿಕ್ಕರೆ, ಅಗ್ಗ ಏಕೆ ಎಂದು ಅಂಗಡಿಯವನನ್ನು ಕೇಳುವ ಅಗತ್ಯವಿಲ್ಲ.

ಪ್ರಮಾಣ ವಿಚಾರ

ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಪ್ರಮಾಣವನ್ನು ಒಪ್ಪುತ್ತಾರೆ. ಇದ್ದಿದ್ದರೆ ಕಾಣಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ಮರೆಯಂಗಿಯ ಸಂಸಾರವೆಲ್ಲ ನಡೆಯುವುದು ಈ ಪ್ರಮಾಣವನ್ನು ಕೆಡಿಸುವುದರಿಂದ. ಆದರೆ ಕೆಡಿಸುವುದು ಸುಲಭವಲ್ಲ. ಕಣ್ಣು ಮೊದಲು ಹಿಡಿಯುವುದು ಚಲನೆಯನ್ನು. ಎಂಥ ಬಣ್ಣ ತೊಟ್ಟರೂ ಸೊಳ್ಳೆ ಹೊಡೆದರೆ ಸಿಕ್ಕಿಬಿದ್ದಂತೆ. ಆಮೇಲೆ ತಲೆ, ಹೆಗಲುಗಳ ಆಕಾರ. ಸಣ್ಣ ಸಣ್ಣ ಚುಕ್ಕೆಯ ಚಿತ್ತಾರ ಹತ್ತಿರದಲ್ಲಿ ಬಲು ಚೆಂದ. ದೂರ ಹೋದರೆ ಎಲ್ಲ ಕಲೆತು ಒಂದೇ ಬಣ್ಣದ ಮುದ್ದೆ. ಬಟ್ಟೆ ಬೆಳ್ಳಗಾಗಲೆಂದು ಸೋಪಿನ ಪುಡಿಗೆ ಬೆರೆಸುವ ಹೊಳಪುಕಾರಕ ಅಂಗಿಯ ಮೇಲೆ ಉಳಿದರೆ ಬಿಸಿಲಿನಲ್ಲಿ ಹೊಳಪು ಹೆಚ್ಚುತ್ತದೆ. ಮಗನ ಅಂಗಿ ಥಳಥಳ ಅನ್ನಬೇಕೆಂದು ಅಕ್ಕ ಪಟ್ಟ ಶ್ರಮ ಇಲ್ಲಿ ಶತ್ರುಪಕ್ಷಕ್ಕೆ ಸೇರುತ್ತದೆ.

'ಕಾಂಬ್ಯಾಟ್ ಶರ್ಟ್' ಎಂಬ ಇನ್ನೊಂದು ಜಾತಿಯಿದೆ. ತೋಳಿಗೆ ಮಾತ್ರ ಚಿತ್ತಾರ, ಮೈಗೆ ಬೆವರು ಆರುವ ತೆಳುಬಟ್ಟೆ. ಹೇಗೂ ಎದೆ ಬೆನ್ನುಗಳನ್ನು ಮೇಲಿನ ಕವಚ ಮುಚ್ಚುತ್ತದೆ. ಅತಿಥಿಗೆ ಕಾಣುವ ಗೋಡೆಗಷ್ಟೇ ಸುಣ್ಣ ಹೊಡೆಸುವವರ ತತ್ತ್ವ ಇದು. ಚಿಬಾದ ಬೇಸಿಗೆಯ ಸೆಕೆಗೆ ಇದೇ ಹಿತ.

ಸಿದ್ಧಾಂತ

ಇಷ್ಟು ಬರೆದ ಮೇಲೆ ಸೋದರಳಿಯನ ಒಂದು ಮಾತು ನನ್ನ ಗ್ರಂಥವನ್ನು ತಲೆಕೆಳಗು ಮಾಡಿತು. ಪೇಂಟ್‌ಬಾಲಿನಂತೆ ಇಲ್ಲಿ ಗುಂಡು ಬಣ್ಣದ ಕಲೆ ಬಿಡುವುದಿಲ್ಲ. ಏಟು ಬಿತ್ತೋ ಇಲ್ಲವೋ ಹೊಡೆದವನಿಗೂ ಖಚಿತವಿಲ್ಲ, ನಡುವೆ ನಿಂತ ತೀರ್ಪುಗಾರನಿಗೂ ಖಚಿತವಿಲ್ಲ. ಏಟು ತಿಂದವನೇ ಕೈಯೆತ್ತಿ "ಹಿಟ್!" ಎಂದು ಕೂಗಿ ಹೊರನಡೆಯಬೇಕು. ಪ್ರತ್ಯಕ್ಷ ಸೋತು, ಅನುಮಾನ ಸೋತು, ಕೊನೆಗೆ ನಿಲ್ಲುವುದು ಶಬ್ದಪ್ರಮಾಣ ಒಂದೇ. ಅದೂ ಸೋತವನ ಶಬ್ದ. ಏಟು ತಿಂದೂ ಸುಮ್ಮನಿರುವವನನ್ನು 'ಜಾಂಬಿ' ಎನ್ನುತ್ತಾರೆ. ಅವನನ್ನು ಎಷ್ಟೇ ಒಳ್ಳೆಯ ಮರೆಯಂಗಿಯೂ ಮರೆಸದು. ಮುಂದಿನ ಭಾನುವಾರ ಅವನನ್ನು ಯಾರೂ ಕರೆಯುವುದಿಲ್ಲ.

ಇದರಿಂದ ಅಂಗಿಯ ಲಕ್ಷಣವೇ ಬದಲಾಯಿತು. ಬಟ್ಟೆ ತೀರ ದಪ್ಪವಾದರೆ ಏಟು ಬಿದ್ದದ್ದೇ ತಿಳಿಯದು, ಸತ್ಯವಂತನೂ ಜಾಂಬಿಯಾಗುತ್ತಾನೆ. ತೀರ ತೆಳುವಾದರೆ "ಹಿಟ್" ಬದಲು "ಅಯ್ಯೋ" ಎಂದು ಬಾಯಿಗೆ ಬರುತ್ತದೆ. ನಡುವಣದ್ದು ಬೇಕು. ಚಿತ್ತಾರ ವುಡ್‌ಲ್ಯಾಂಡ್ ಆದರೂ ಸರಿ, ಜರ್ಮನರ ಚುಕ್ಕೆಚುಕ್ಕೆ 'ಫ್ಲೆಕ್‌ಟಾರ್ನ್' ಆದರೂ ಸರಿ; ದೇವದಾರು, ಬಿದಿರುಗಳ ನಡುವೆ ಎರಡೂ ನಡೆಯುತ್ತವೆ.

ಒಂದು ನಿಷೇಧವನ್ನೂ ಸೇರಿಸುತ್ತೇನೆ. ಊರಿಗೆ ಬರುವಾಗ ಅದನ್ನು ತೊಟ್ಟು ಸೈನಿಕನಂತೆ ಮೆರೆಯಬಾರದು. ಸೈನಿಕನೆಂದು ನಂಬಿಸಲು ಸೈನಿಕನ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನಂತೆ ಅಪರಾಧ.

ಫಲಶ್ರುತಿ

ಈ ಗ್ರಂಥವನ್ನು ಪೂರ್ತಿ ಓದಿದವನಿಗೆ ಅಂಗಿ ಕೊಳ್ಳುವಷ್ಟರಲ್ಲಿ ಆಟದ ಹೊತ್ತು ಮೀರಿರುತ್ತದೆ. ಆದ್ದರಿಂದ ಅವಸರದಲ್ಲಿರುವವರಿಗೆ ಸಾರಾಂಶ: ಅಂಗಡಿಯಲ್ಲಿ ಅಂಗಿ ತೊಟ್ಟು, ಕನ್ನಡಿಯ ಕಡೆ ನೋಡದೆ, ಬಲಗೈಯನ್ನು ತಲೆಯ ಮೇಲಕ್ಕೆ ಪೂರ್ತಿ ಎತ್ತಿ. ಕಂಕುಳಲ್ಲಿ ಹಿಡಿಯದಿದ್ದರೆ ಕೊಳ್ಳಿ.