ಎತ್ತರಕ್ಕೊಂದು ಆಕ್ಷೇಪಣೆ

ಮಹಾಗಣಪತಿ ದೇವಸ್ಥಾನಕ್ಕೆ ಹೆಸರಾದ, ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ಅಂಚಿನ ಟಿಟ್ವಾಳಾದಲ್ಲಿ, ಎಫ್‌ಎಸ್‌ಐಯನ್ನು, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತವನ್ನು, ಸಡಿಲಿಸಿದ ಮಹಾರಾಷ್ಟ್ರದ 2020ರ ಏಕೀಕೃತ ಅಭಿವೃದ್ಧಿ ನಿಯಮಾವಳಿಯನ್ನು ಖಂಡಿಸಲು ಕಲ್ಪಿತ ಗೃಹಸಂಘವೊಂದು ಸಭೆ ಸೇರಿತು.

“ಗಗನಚುಂಬಿ ಕಟ್ಟಡಗಳು ಎದ್ದರೆ ನೀರು ಸಾಲದು, ಕಸಾರಾ ಲೋಕಲ್ ರೈಲಿನಲ್ಲಿ ಕಾಲಿಡಲೂ ಜಾಗವಿರದು!” ಎಂದು ನಾಲ್ಕನೆಯ ಮಹಡಿಯ ಅಧ್ಯಕ್ಷರು ಗುಡುಗಿದರು.

ಅಳಲು ಸುಳ್ಳಲ್ಲ, ಆದರೆ ಕಾರ್ಯದರ್ಶಿಯ ನೆನಪು ಚುರುಕು. “ಈ ಕಟ್ಟಡ ಏಳುವಾಗಲೂ ಊರವರು ಹೀಗೆಯೇ ಅಂದಿದ್ದರಲ್ಲವೇ, ಸಾಹೇಬರೇ?”

“ಅವರದು ಹೊಟ್ಟೆಕಿಚ್ಚು, ನಮ್ಮದು ಪರಿಸರಪ್ರಜ್ಞೆ.”

ಆಕ್ಷೇಪಣೆಯ ಮನವಿ ಸರ್ವಾನುಮತದಿಂದ ಅಂಗೀಕಾರವಾದ ಬಳಿಕ, ಸಹಿಗೆ ಮುನ್ನ ಅಧ್ಯಕ್ಷರು ದನಿ ತಗ್ಗಿಸಿ ವಿಚಾರಿಸಿದರು: “ಅಂದ ಹಾಗೆ, ಹಳೆಯದನ್ನು ಕೆಡವಿ ಎತ್ತರಕ್ಕೆ ಕಟ್ಟುವ ಆ ಪುನರಭಿವೃದ್ಧಿ ನಮಗೇ ಸಿಕ್ಕರೆ, ತಲಾ ಎಷ್ಟು ಚದರಡಿ ಹೆಚ್ಚು ಬಂದೀತು?”