ನಾಲೆ ಏರಿಯ ಓಟ

ಓಡುವವರಿಗೆಂದು ಮಂಡ್ಯ ಜಿಲ್ಲೆಯಲ್ಲಿ ಯಾರೂ ದಾರಿ ಮಾಡಿಟ್ಟಿಲ್ಲ. ನೀರಿಗೆ ಮಾಡಿಟ್ಟಿದ್ದಾರೆ. ನೀರಿನ ಪಕ್ಕದ ಏರಿ ಹೇಗೂ ಖಾಲಿ ಬಿದ್ದಿರುತ್ತದಲ್ಲ ಎಂದು ನನ್ನಂಥ ಕೆಲವರು ಬೆಳಗಿನ ಹೊತ್ತು ಶೂ ಬಿಗಿದುಕೊಂಡು ಅದರ ಮೇಲೆ ಓಡುತ್ತೇವೆ. ಇದಕ್ಕೂ ಒಂದು ಕಂದಾಯ ಹಾಕಬಹುದೆಂಬ ಯೋಚನೆ ನೀರಾವರಿ ಇಲಾಖೆಗೆ ಇನ್ನೂ ಹೊಳೆದಿಲ್ಲ.

ಓಟಕ್ಕೆ ನಾಲೆ ಏರಿಯಷ್ಟು ಹದವಾದ ಜಾಗ ಇನ್ನೊಂದಿಲ್ಲ. ನೀರಿಗೆ ಹತ್ತಲು ಬರುವುದಿಲ್ಲ. ಜೋರಾಗಿ ಇಳಿಯಲು ಬಿಟ್ಟರೆ ದಂಡೆಯನ್ನೇ ಕೊರೆದು ಹಾಕುತ್ತದೆ. ಹಾಗಾಗಿ ನಾಲೆ ತೋಡಿದವರು ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು ಅದನ್ನು ಪುಸಲಾಯಿಸಿಕೊಂಡು ಹೋಗಬೇಕು. ನೀರಿನ ಈ ಸೋಮಾರಿತನವೇ ನಮ್ಮ ಮಂಡಿಗಳಿಗೆ ವರ. ಶ್ರೀರಂಗಪಟ್ಟಣದ ಸೀಮೆಯಲ್ಲಿ ಚಿಕ್ಕದೇವರಾಯ ಸಾಗರ ನಾಲೆ ಅಂತ ಒಂದಿದೆ, ಹದಿನೇಳನೆಯ ಶತಮಾನದ ಚಿಕ್ಕದೇವರಾಜ ಒಡೆಯರ ಕಾಲದ್ದು. ಗುಡ್ಡ ಕೊರೆಯುವ ಯಂತ್ರವೂ ಸಿಡಿಮದ್ದಿನ ಉಸಾಬರಿಯೂ ಇಲ್ಲದ ಕಾಲ. ದಿಣ್ಣೆ ಸಿಕ್ಕಿದಲ್ಲಿ ಬಳಸು, ತಗ್ಗು ಸಿಕ್ಕಿದಲ್ಲಿ ಸರಿ, ಒಟ್ಟಿನಲ್ಲಿ ಮಟ್ಟ ಬಿಡಬೇಡ ಎಂಬುದೇ ಅವರ ವಿದ್ಯೆ. ಅದರ ಏರಿಯ ಮೇಲೆ ಓಡುತ್ತಿದ್ದರೆ ಕರಿಘಟ್ಟ ಒಮ್ಮೆ ಎಡಕ್ಕೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಎದುರಿಗೆ, ಆಮೇಲೆ ಬೆನ್ನ ಹಿಂದೆ. ನಾವೇ ಬೆಟ್ಟ ಸುತ್ತುತ್ತಿದ್ದೇವೋ ಬೆಟ್ಟವೇ ನಮ್ಮನ್ನು ನೋಡಲು ಎದ್ದು ಬರುತ್ತಿದೆಯೋ ಎನ್ನುವ ಅನುಮಾನ. ಮೊಬೈಲು ಐದು ಕಿಲೋಮೀಟರ್ ಆಯಿತೆಂದು ಶಹಬ್ಬಾಸ್ ಹೇಳುವ ಹೊತ್ತಿಗೆ ತಲೆ ಎತ್ತಿ ನೋಡಿದರೆ ಪಕ್ಕದ ಊರಿನ ಶಾಲೆಯ ಹಿತ್ತಲು.

ವಿಶ್ವೇಶ್ವರಯ್ಯ ನಾಲೆಯ ಸ್ವಭಾವ ಬೇರೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ಹಿಂದೆಯೇ ಬಂದ ಈ ನಾಲೆಗೆ ಮೊದಲು ಇಟ್ಟ ಹೆಸರು ವೈಸರಾಯ್ ಇರ್ವಿನ್‌ನದು. ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ಗುಡ್ಡ ಅಡ್ಡ ಬಂದರೆ ಬಳಸುವಷ್ಟು ವ್ಯವಧಾನ ಇದಕ್ಕಿಲ್ಲ. ಹುಲಿಕೆರೆಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಹೊಕ್ಕು ಆಚೆ ಬರುತ್ತದೆ. ಎಂಜಿನಿಯರುಗಳಿಗೆ ಅದು ಹೆಮ್ಮೆಯ ವಿಷಯ, ನನಗೆ ಅಷ್ಟಲ್ಲ. ನೀರು ಒಳಗಡೆ ತಣ್ಣಗೆ ಹೋಗಿಬಿಡುತ್ತದೆ, ಗುಡ್ಡ ಹತ್ತಬೇಕಾದವನು ನಾನು. ಬಯಲಿಗೆ ಬಂದ ಮೇಲೂ ಕೆಲವು ಕಡೆ ಅದು ಎಷ್ಟು ನೆಟ್ಟಗಿದೆಯೆಂದರೆ ದೂರದ ಸೇತುವೆ ಕಣ್ಣೆದುರೇ ಇರುತ್ತದೆ, ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ನನ್ನ ಓಟು ಹಳೆಯ ನಾಲೆಗೇ. ಮುಂದಿನ ತಿರುವಿನಲ್ಲಿ ಎಮ್ಮೆ ಇದೆಯೋ, ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುವವರಿದ್ದಾರೋ, ಬೆಳ್ಳಕ್ಕಿಗಳ ಸಭೆ ಸೇರಿದೆಯೋ ಗೊತ್ತಾಗದಿದ್ದರೇ ಕಾಲಿಗೆ ಉತ್ಸಾಹ.

ಇದೆಲ್ಲ ನೀರಿದ್ದಾಗಿನ ಮಾತು. ಕಟ್ಟು ನೀರಿನ ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುತ್ತಾರೆ. ನಿಂತ ದಿನಗಳಲ್ಲಿ ನಾಲೆಯ ತಳ ನೋಡಬಾರದು. ಮೇಲಿನ ಊರುಗಳು ಏನು ತಿಂದವು, ಏನು ಕುಡಿದವು, ಯಾವ ದೇವರ ಫೋಟೋಗೆ ಗಾಜು ಒಡೆಯಿತು, ಎಲ್ಲದರ ಲೆಕ್ಕವೂ ಅಲ್ಲಿರುತ್ತದೆ.

ಏರಿಯ ಮೇಲೆ ಮೂಗಿನ ನೇರಕ್ಕೆ ಓಡಿಕೊಂಡು ಹೋಗಿಬಿಡಬಹುದು ಎಂದುಕೊಳ್ಳಬೇಡಿ. ಉತ್ತರ ಕೊಡಬೇಕಾಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ಟಿವಿಎಸ್ ಪಕ್ಕಕ್ಕೆ ಬಂದು ನಿಧಾನವಾಗುತ್ತದೆ. “ಯಾಕ್ಸಾ, ಬಸ್ ತಪ್ಪೋಯ್ತಾ? ಹತ್ಕಳಿ, ಬುಟ್‌ಬುಡ್ತೀನಿ.” ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲಿಗೂ ಹೋಗುತ್ತಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಅಂದರೆ ಮುಖದಲ್ಲಿ ಕನಿಕರ ಮೂಡುತ್ತದೆ. “ಶುಗರ್ರಾ ಸಾ?” ಸಕ್ಕರೆ ನಾಡಿನಲ್ಲಿ ನಡುವಯಸ್ಸಿನ ಮನುಷ್ಯ ಬೆವರು ಸುರಿಸುತ್ತ ಓಡುತ್ತಿದ್ದಾನೆ ಎಂದರೆ ಡಾಕ್ಟರು ಹೇಳಿರಬೇಕು, ಇನ್ನೇನು? ಹೌದು ಎಂದುಬಿಡುವುದೇ ಸುಲಭ. ಹೌದೆಂದವನಿಗೆ ನೇರಳೆ ಬೀಜದ ಪುಡಿಯಿಂದ ಹಾಗಲಕಾಯಿ ರಸದವರೆಗೆ ಉಚಿತ ಸಲಹೆ ಸಿಗುತ್ತದೆ. ಗಾಡಿ ಅಷ್ಟು ಹೊತ್ತೂ ನನ್ನ ವೇಗದಲ್ಲೇ ಬರುತ್ತದೆ, ಕ್ಯಾನಿನ ಹಾಲು ಡೇರಿ ತಲುಪುವ ಮೊದಲೇ ಮಜ್ಜಿಗೆಯಾದೀತು.

ಹಳ್ಳಿಯವರಿಗೆ ಓಟ ಗೊತ್ತಿಲ್ಲ ಅಂತಲ್ಲ. ಕಾರಣವಿರುವ ಓಟ ಚೆನ್ನಾಗಿ ಗೊತ್ತು. ಪೊಲೀಸ್ ನೇಮಕಾತಿಯ ಸುದ್ದಿ ಬಂದಿತೆಂದರೆ ಏರಿಯ ಮೇಲೆ ಕತ್ತಲಿನಲ್ಲೇ ಹುಡುಗರ ದಂಡು. ಕಾನ್‌ಸ್ಟೇಬಲ್ ಆಗಬೇಕಾದರೆ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು, ಹೆಣ್ಣುಮಕ್ಕಳಾದರೆ 400 ಮೀಟರು ಎರಡು ನಿಮಿಷದಲ್ಲಿ. ತೂಬಿನಿಂದ ಸೇತುವೆಯವರೆಗೆ ಹಗ್ಗ ಹಿಡಿದು ಅಳೆದು, ಕಲ್ಲಿಗೆ ಸುಣ್ಣ ಬಳಿದಿರುತ್ತಾರೆ. ಕೆಲವರಿಗೆ ಶೂ ಇರುವುದಿಲ್ಲ. ಬರಿಗಾಲಲ್ಲಿ ಅವರು ನನ್ನನ್ನು ದಾಟಿ ಹೋಗುವಾಗ ನನ್ನ ಶೂಗೆ ಕೊಟ್ಟ ದುಡ್ಡು ನೆನಪಾಗುತ್ತದೆ. ಅವರಲ್ಲೊಬ್ಬ ಒಮ್ಮೆ ತೀರಾ ವಿನಯದಿಂದ ಕೇಳಿದ: “ಸಾರ್, ನಿಮ್ಗೆ ಏಜ್ ಬಾರ್ ಆಗಿಲ್ವಾ?”

ಓಡಿ ಕರಗಿಸಿದ್ದನ್ನು ಅಲ್ಲಲ್ಲೇ ತುಂಬಿಕೊಡುವ ಏರ್ಪಾಡೂ ಈ ದಾರಿಯಲ್ಲಿದೆ. ನಾಲೆ ನೀರು ಬಂದದ್ದರಿಂದ ಕಬ್ಬು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಇದರ ಹಿಂದೆ ಓಡಾಡಿದವರು ಲೆಸ್ಲಿ ಕೋಲ್‌ಮನ್, ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿಕೊಟ್ಟವರೂ ಅವರೇ, ಆದ್ದರಿಂದ ಮಲೆನಾಡಿನವರಿಗೂ ಅವರ ಋಣ ಇದೆ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತದೆ. ಆಲೆಮನೆಯ ವಾಸನೆಯನ್ನು ದಾಟಿ ಓಡಬಲ್ಲವನು ಒಲಿಂಪಿಕ್ಸಿಗೆ ಹೋಗಬೇಕು, ನಾಲೆ ಏರಿಯಲ್ಲಿ ಅವನಿಗೇನು ಕೆಲಸ? ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿರುತ್ತದೆ. ನಿಂತು ನೋಡಿದರೆ ಸಾಕು, ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಅದ್ದಿ ಕೈಗೆ ಕೊಡುತ್ತಾರೆ. 70 ಕೆ.ಜಿ. ತೂಗುವವನು ಐದು ಕಿಲೋಮೀಟರ್ ಓಡಿದರೆ ಸುಮಾರು 350 ಕ್ಯಾಲೊರಿ ಖರ್ಚು. ನೂರು ಗ್ರಾಂ ಬೆಲ್ಲದಲ್ಲಿ ಅದಕ್ಕಿಂತ ಒಂದಿಷ್ಟು ಹೆಚ್ಚೇ ಜಮೆ. ಹಾಗಾಗಿ ಆಲೆಮನೆ ನಡೆಯುವ ತಿಂಗಳುಗಳಲ್ಲಿ ನಾನು ಓಡಿದಷ್ಟೂ ದಪ್ಪಗಾಗುತ್ತೇನೆ. ಶುಗರ್ ಎಂದು ಯಾರೆದುರು ಒಪ್ಪಿಕೊಂಡಿದ್ದೆನೋ ಆ ಹಾಲಿನವರು ಅಲ್ಲಿ ಕಣ್ಣಿಗೆ ಬಿದ್ದರೆ ಮಾತ್ರ ಕಷ್ಟ.

ನಾಯಿಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಒಂದೊಂದು ಊರಿನ ನಾಯಿಗೂ ಸರಹದ್ದು ಇದೆ, ಸರ್ವೇ ಇಲಾಖೆಯದಕ್ಕಿಂತ ಖಚಿತವಾದದ್ದು. ಅಲ್ಲಿಯವರೆಗೆ ಅಟ್ಟಿಸಿಕೊಂಡು ಬಂದು ಮುಂದಿನ ಊರಿನ ನಾಯಿಗೆ ಚಾರ್ಜು ಕೊಟ್ಟು ವಾಪಸಾಗುತ್ತವೆ. ಬಗ್ಗಿ ಕಲ್ಲು ಎತ್ತಿಕೊಂಡಂತೆ ನಟಿಸಿದರೆ ಸಾಕು, ನಿಲ್ಲುತ್ತವೆ. ಕಬ್ಬಿನ ಗದ್ದೆಯ ಚಿರತೆಗಳಿಗೆ ಈ ನಟನೆ ಸಾಲುತ್ತದೆಯೇ ಎಂದು ಪರೀಕ್ಷಿಸುವ ಆಸೆ ನನಗಿಲ್ಲ. ಚಿರತೆಯ ಸುದ್ದಿ ಹಬ್ಬಿದ ವಾರ ಮನೆಯಂಗಳದಲ್ಲೇ ಸೂರ್ಯನಮಸ್ಕಾರ.

ಸಂಕ್ರಾಂತಿಯ ಆಸುಪಾಸಿನಲ್ಲಿ ಏರಿ ಬಿಟ್ಟು ಡಾಂಬರು ರಸ್ತೆಗೆ ಇಳಿದರೆ ಅಲ್ಲಿ ಒಕ್ಕಣೆ. ರಾಗಿ, ಹುರುಳಿ ಎಲ್ಲ ರಸ್ತೆಯ ಉದ್ದಕ್ಕೂ ಹಾಸಿರುತ್ತಾರೆ, ಬಸ್ಸು ಲಾರಿಗಳು ಕೂಲಿಯಿಲ್ಲದೆ ತುಳಿದುಕೊಡುತ್ತವೆ. ಹೀಗೆ ಮಾಡಬಾರದೆಂದು ಪೊಲೀಸರು ವರ್ಷವರ್ಷವೂ ಹೇಳುತ್ತಾರೆ, ಬೈಕಿನವರು ಜಾರಿ ಬೀಳುವುದೂ ಸುಳ್ಳಲ್ಲ. ಆದರೆ ಊರಿನ ಕಣಗಳ ಮೇಲೆ ಮನೆಗಳೆದ್ದಿವೆ, ಹುರುಳಿ ಎಲ್ಲಿಗೆ ಹೋಗಬೇಕು? ಕಳೆದ ಸುಗ್ಗಿಯಲ್ಲಿ ಅಂಥದೊಂದು ಹಾಸಿನ ಮೇಲೆ ಚರಪರ ಸದ್ದು ಮಾಡುತ್ತ ಓಡುವಾಗ ನನಗೆ ಭಾರೀ ಸಮಾಧಾನವಾಯಿತು. ಅಂತೂ ನನ್ನ ಓಟದಿಂದ ಲೋಕಕ್ಕೆ ಒಂದು ಉಪಯೋಗ! ಹಾಸಿನ ಕೊನೆಯಲ್ಲಿ ಮೊರ ಹಿಡಿದು ಕೂತಿದ್ದ ಅಜ್ಜಿಯ ಮುಂದೆ ನಿಂತು, “ಇನ್ನೊಂದು ಸುತ್ತು ಓಡಲಾ ಅಜ್ಜಿ?” ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. “ನಿನ್ ತೂಕಕ್ಕೆಲ್ಲ ಹುಳ್ಳಿ ಒಡಿಯಕಿಲ್ಲ ಕನಪ್ಪ. ವಸಿ ಪಕ್ಕಕ್ಕೆ ಬಾ, ಮಳವಳ್ಳಿ ಬಸ್ ಬತ್ತಾ ಐತೆ.”